ಹೆಂಡ್ತಿಗೆ ಆಫೀಸು, ಮಗಳಿಗೆ ಸ್ಕೂಲು, ನಂಗೆ?

ನಮ್ಮ ಚಿಕ್ಕಮ್ಮನ ಮಗಳು ಗಂಡನ ಕೆಲ್ಸದ ಮೇಲೆ ನೆದರ್ಲ್ಯಾಂಡ್ಸ್‌ಗೆ ಹೊರಟಿದಾಳೆ, ಮಗನಿಗೆ ಈಗಷ್ಟೇ ನಾಲ್ಕು ತುಂಬಿದೆ, ಇವಳು ಸ್ಕೂಲಲ್ಲಿ ಮ್ಯಾಥ್ಸ್ ಹೇಳ್ಕೊಡ್ತಿದ್ದೋಳು, ರಿಸೈನ್ ಮಾಡಿ ಆಯ್ತು. ಹೋದ ಭಾನುವಾರ ನಾಗರಭಾವಿಗೆ ಹೋದ್ರೆ ಹಾಲ್ ತುಂಬ ಸೂಟ್‌ಕೇಸು, ಅದನ್ನ ನೇತಾಕಿ ತೂಕ ನೋಡೋ ಮೆಷಿನ್ನು, ಚಿಕ್ಕಮ್ಮ ಸಾರಿನಪುಡಿ ಕವರಿಗೆ ಕವರು ಹಾಕಿ ಟೇಪ್ ಸುತ್ತುತಾ ಕೂತಿದಾರೆ. ಲಿಸ್ಟ್ ಕೈಗೆ ಕೊಟ್ಟು "ಅಣ್ಣಾ, ನೀನು ಅಲ್ಲಿ ಇದ್ದು ಬಂದೋನು, ಏನಾದ್ರೂ ಬಿಟ್ಟಿದೀನಾ ನೋಡು" ಅಂದ್ಲು. ಕುಕ್ಕರ್ರು, ಎಕ್ಸ್‌ಟ್ರಾ ಗ್ಯಾಸ್ಕೆಟ್ಟು, ಈಳಿಗೆ ಮಣೆ, ಮಗಂಗೆ ಥರ್ಮಲ್ಸು, ಗಂಡಂಗೆ ಫಾರ್ಮಲ್ ಶೂ. ಲಿಸ್ಟೇನೋ ಚೆನ್ನಾಗೇ ಇತ್ತು, ಆದ್ರೆ ಅದರಲ್ಲಿ ಅವಳಿಗೆ ಅಂತ ಇದ್ದಿದ್ದು ಒಂದು ಸ್ವೆಟರ್ ಮಾತ್ರ.

ಊಟದ ಚಿಂತೆ ಬಿಡಿ, ಸೋನಾ ಮಸೂರಿ, ಕರಿಬೇವು ಎಲ್ಲಾ ಅಲ್ಲೇ ಸಿಗುತ್ತೆ. ನಾನು ಬರೀಬೇಕು ಅಂತಿರೋದು ಬೇರೆ ವಿಷ್ಯ. ಹೊಸ ದೇಶಕ್ಕೆ ಹೋದಾಗ ಕೆಲ್ಸಕ್ಕೆ ಹೋಗೋರಿಗೆ ಒಂದು ಜಾಗ ಮೊದಲೇ ರೆಡಿ ಇರುತ್ತೆ, ಮಗುಗೂ ಒಂದು ಜಾಗ ರೆಡಿ ಇರುತ್ತೆ, ಮನೇಲಿರೋ ಅಪ್ಪನಿಗೋ ಅಮ್ಮನಿಗೋ ಮಾತ್ರ ಏನೂ ಇರಲ್ಲ, ಅದನ್ನ ನಾವೇ ಮೊದಲಿಂದ ಕಟ್ಕೋಬೇಕು. ಮತ್ತೆ ಅದನ್ನ ಎಲ್ರೂ ಸೆಟ್ಲಾದ್ಮೇಲೆ ನೋಡಿದ್ರಾಯ್ತು ಅಂತ ಮುಂದಕ್ಕೆ ಹಾಕೋ ಕೆಲ್ಸ ಅಲ್ಲ, ಮೊದಲ ವಾರದಿಂದಲೇ ಶುರು ಮಾಡ್ಬೇಕು.

ನಮ್ಮದು ಉಲ್ಟಾ ಕೇಸು. ಟ್ರಾನ್ಸ್‌ಫರ್ ಆಗಿದ್ದು ಹೆಂಡ್ತಿಗೆ, ನಾನು ವೈಟ್‌ಫೀಲ್ಡ್ ಕಡೆ ಒಂದು ಕಂಪನೀಲಿ ಟೆಸ್ಟಿಂಗ್ ಟೀಮ್ ನೋಡ್ಕೊಳ್ತಿದ್ದೋನು ಬಿಟ್ಟು ಹೊರಟೆ. ನಮ್ಮಪ್ಪ "ಅಲ್ಲಿ ಹೋಗಿ ಏನ್ ಮಾಡ್ತೀಯೋ?" ಅಂದ್ರು. ಪುಟ್ಟಿನ ನೋಡ್ಕೋತೀನಿ ಅಂದೆ. "ಅದು ಸರಿ, ಕೆಲ್ಸ ಏನ್ ಮಾಡ್ತೀಯ?" ಅತ್ತೆಯವರು ಇನ್ನೂ ಬುದ್ಧಿವಂತರು, ಮದುವೆ ಮುಂಜಿಗೆ ಹೋದಾಗ ಯಾರಾದ್ರೂ ಅಳಿಯಂದ್ರು ಏನ್ಮಾಡ್ತಿದಾರೆ ಅಂತ ಕೇಳಿದ್ರೆ "ವರ್ಕ್ ಫ್ರಮ್ ಹೋಮು" ಅಂತಿದ್ರಂತೆ. ಒಂದು ಲೆಕ್ಕದಲ್ಲಿ ಸುಳ್ಳೇನಲ್ಲ.

ನಾವಿದ್ದಿದ್ದು ಆಮ್‌ಸ್ಟರ್‌ಡ್ಯಾಮ್ ಪಕ್ಕದ ಆಮ್‌ಸ್ಟೆಲ್‌ವೇನ್‌ನಲ್ಲಿ. ನಮ್ಮೋರು ತುಂಬಾ ಇರೋ ಊರು, ಬಸ್‌ಸ್ಟಾಪಲ್ಲಿ ತೆಲುಗು, ತಮಿಳು, ಹಿಂದಿ ಎಲ್ಲಾ ಕಿವಿಗೆ ಬೀಳುತ್ತೆ, ಕನ್ನಡಾನೂ ಆಗಾಗ. ಹೋದ ಮೊದಲ ಸೋಮವಾರ ಹೆಂಡ್ತಿಗೆ ಲ್ಯಾಪ್‌ಟಾಪು, ಬ್ಯಾಡ್ಜು, ಏನ್ ಡೌಟ್ ಬಂದ್ರೂ ಕೇಳೋಕೆ ಅಂತ ಒಬ್ಬ ಕಲೀಗು, ಟೀಮ್ ಲಂಚು. ಮಗಳಿಗೆ ಸ್ಕೂಲಲ್ಲಿ ಕೋಟ್ ನೇತಾಕೋ ಒಂದು ಗೂಟ, ಅದರ ಮೇಲೆ ಅವಳ ಹೆಸರು, ಪಕ್ಕದಲ್ಲಿ ಒಂದು ಬಾತುಕೋಳಿ ಚಿತ್ರ. ಹೆಸರು ಓದೋಕೆ ಬರ್ದೇ ಇದ್ರೂ ಬಾತುಕೋಳಿ ನೋಡಿ ಅವಳಿಗೆ ಗೊತ್ತಾಗ್ತಿತ್ತು ಇದು ನಂದು ಅಂತ. ನಾನು ಅವಳ ಕೋಟ್ ನೇತಾಕಿ ಆಚೆ ಬಂದು ಗೇಟ್ ಹತ್ರ ನಿಂತ್ಕೊಂಡೆ, ಈಗ ಎಲ್ಲಿಗೆ ಹೋಗೋದು ಅಂತ ಯೋಚ್ನೆ ಮಾಡ್ತಾ. ಮನೆಗೆ ಅಂತ ಗೊತ್ತು, ಆದ್ರೆ ಮನೇಲಿ ಸೋಫಾನೂ ಬಂದಿರ್ಲಿಲ್ಲ.

ಮೊದಲು ಕಾಗದ ಪತ್ರದ ಮಾತು. ಅಲ್ಲಿಗೆ ಹೋದ ತಕ್ಷಣ ಮುನಿಸಿಪಾಲಿಟೀಲಿ ರಿಜಿಸ್ಟರ್ ಆಗ್ಬೇಕು, ಆಗ ಬಿಎಸ್‌ಎನ್ ಅಂತ ಒಂದು ನಂಬರ್ ಕೊಡ್ತಾರೆ, ನಮ್ಮ ಆಧಾರ್ ಥರ, ಅದಿಲ್ದೆ ಯಾವ್ದೂ ನಡಿಯಲ್ಲ. ಅದು ಮನೆಯವರು ಎಲ್ರಿಗೂ ಬರುತ್ತೆ. ಇಲ್ಲಿವರೆಗೆ ಸಲೀಸು. ಆಮೇಲೆ ಏನಾಗುತ್ತೆ ಅಂದ್ರೆ ಬಾಡಿಗೆ ಅಗ್ರಿಮೆಂಟು ಕೆಲ್ಸ ಮಾಡೋರ ಹೆಸರಲ್ಲಿ, ಕರೆಂಟು ಗ್ಯಾಸು ಅವರ ಹೆಸರಲ್ಲಿ, ಇಂಟರ್ನೆಟ್ಟು ಅವರ ಹೆಸರಲ್ಲಿ, ಬ್ಯಾಂಕ್ ಅಕೌಂಟು ಅವರದ್ದು, ಯಾಕಂದ್ರೆ ಸಂಬಳದ ಸ್ಲಿಪ್ ಇರೋದು ಅವ್ರತ್ರ. ಅರ್ಜೆಂಟಲ್ಲಿ ಎಲ್ಲಾ ಹಂಗೇ ಆಗ್ಬಿಡುತ್ತೆ, ಯಾರದ್ದೂ ತಪ್ಪಲ್ಲ. ಆಮೇಲೆ ನೀರಿನ ಪೈಪ್ ಸೋರ್ತಿದೆ ಅಂತ ನೀವು ಫೋನ್ ಮಾಡಿದ್ರೆ ಗ್ರಾಹಕರ ಹತ್ರ ಮಾತ್ರ ಮಾತಾಡ್ತೀವಿ ಅಂತಾರೆ, ಇಡೀ ದಿನ ಮನೇಲಿದ್ದು ಆ ಸೋರೋ ಪೈಪಿಗೆ ಬಕೆಟ್ ಇಡ್ತಿರೋದು ನೀವು, ಗ್ರಾಹಕರು ಮೀಟಿಂಗಲ್ಲಿ.

ಅದಕ್ಕೇ ತಂಗಿಗೆ ಹೇಳ್ದೆ, ಹೋದ ತಕ್ಷಣ ನಿನ್ನ ಹೆಸರಲ್ಲಿ ಮೂರು ಕೆಲ್ಸ ಮಾಡಿಸ್ಕೊ ಅಂತ. ಬ್ಯಾಂಕ್ ಅಕೌಂಟು, ಜಾಯಿಂಟ್ ಆದ್ರೂ ಸರಿ, ಕಾರ್ಡ್ ನಿನ್ನ ಕೈಲಿರ್ಬೇಕು. ಅಲ್ಲಿಯ ಫೋನ್ ನಂಬರು. ಮತ್ತೆ ಡಿಜಿಡಿ, ಅಂದ್ರೆ ಸರ್ಕಾರಿ ವೆಬ್‌ಸೈಟಿಗೆಲ್ಲ ಲಾಗಿನ್ ಆಗೋ ಐಡಿ, ಆನ್‌ಲೈನಲ್ಲಿ ಅಪ್ಲೈ ಮಾಡಿದ್ರೆ ಆಕ್ಟಿವೇಷನ್ ಕೋಡು ಪೋಸ್ಟಲ್ಲಿ ಮನೆಗೆ ಬರುತ್ತೆ. ಆ ಲಕೋಟೆ ನಂಗೆ ಚೆನ್ನಾಗಿ ನೆನಪಿದೆ, ಯಾಕಂದ್ರೆ ಆ ದೇಶದಲ್ಲಿ ನನ್ನ ಹೆಸರಿಗೆ ಬಂದ ಮೊದಲ ಕಾಗದ ಅದು, ಅದಕ್ಕೆ ಮುಂಚೆ ಬಂದಿದ್ದೆಲ್ಲ ಹೆಂಡ್ತಿ ಹೆಸರಿಗೆ, ಮಗಳ ಹೆಸರಿಗೂ ಸ್ಕೂಲಿಂದ ಬಂದಿತ್ತು. ಮಕ್ಕಳಿಗೆ ಸರ್ಕಾರದಿಂದ ಮೂರು ತಿಂಗಳಿಗೊಂದು ಸಲ ಸ್ವಲ್ಪ ದುಡ್ಡು ಬರುತ್ತೆ, ಸಂಬಳ ಎಷ್ಟಿದ್ರೂ ಬರುತ್ತೆ, ಅದನ್ನ ನನ್ನ ಅಕೌಂಟಿಗೇ ಬರೋ ಹಂಗೆ ಹೆಂಡ್ತಿ ಮಾಡಿದ್ಲು. ದೊಡ್ಡ ಮೊತ್ತ ಏನಲ್ಲ, ಮಗಳ ಶೂಗೆ, ರೇನ್‌ಕೋಟ್‌ಗೆ ಆಗ್ತಿತ್ತು. ಆದ್ರೂ ಶೂ ಅಂಗಡೀಲಿ ನಿಂತು ಹೆಂಡ್ತಿಗೆ ವಾಟ್ಸಾಪ್ ಮಾಡಿ ಇದು ತಗೊಳ್ಳಾ ಅಂತ ಕೇಳೋದು ತಪ್ತು.

ವೀಸಾ ಬಗ್ಗೆ ಒಂದು ಮಾತು, ಯಾಕಂದ್ರೆ ಎಲ್ಲಾ ದೇಶಾನೂ ಒಂದೇ ಅಂತ ನಮ್ಮಲ್ಲಿ ಬಹಳ ಜನ ಅಂದ್ಕೊಂಡಿರ್ತಾರೆ. ಅಮೆರಿಕಕ್ಕೆ ಎಚ್-4, ಅಂದ್ರೆ ಅಲ್ಲಿ ಕೆಲ್ಸಕ್ಕೆ ಹೋದೋರ ಗಂಡ ಹೆಂಡ್ತಿಗೆ ಕೊಡೋ ವೀಸಾ, ಅದರ ಮೇಲೆ ಹೋದ್ರೆ ಸುಮ್ನೆ ಕೆಲ್ಸ ಮಾಡೋ ಹಂಗಿಲ್ಲ, 2015ರಿಂದ ಕೆಲವರಿಗೆ ಮಾತ್ರ ಪರ್ಮಿಟ್ ಸಿಗುತ್ತೆ, ಅದೂ ಗಂಡನೋ ಹೆಂಡ್ತಿನೋ ಗ್ರೀನ್ ಕಾರ್ಡ್ ದಾರೀಲಿ ಒಂದು ಹಂತ ದಾಟಿರ್ಬೇಕು. ನೆದರ್ಲ್ಯಾಂಡ್ಸ್‌ನಲ್ಲಿ ಹಂಗಲ್ಲ, ಹೈ ಸ್ಕಿಲ್ಡ್ ಅಂತ ಕರೆಸ್ಕೊಂಡೋರ ಗಂಡ ಹೆಂಡ್ತಿಗೆ ಕಾರ್ಡ್ ಮೇಲೇ ಕೆಲ್ಸ ಮಾಡ್ಬಹುದು ಅಂತ ಬರ್ದಿರುತ್ತೆ. ಓಹೋ ಅಂತ ಖುಷಿ ಪಡ್ಬೇಡಿ. ಡೇ ಕೇರ್ ಖರ್ಚಿಗೆ ಸರ್ಕಾರ ದೊಡ್ಡ ಪಾಲು ಕೊಡುತ್ತೆ, ಆದ್ರೆ ಅಪ್ಪ ಅಮ್ಮ ಇಬ್ರೂ ಕೆಲ್ಸದಲ್ಲೋ ಓದಲ್ಲೋ ಇದ್ರೆ ಮಾತ್ರ. ಅಂದ್ರೆ ಕೆಲ್ಸ ಹುಡುಕೋಕೆ ಮಗುನ ಎಲ್ಲಾದ್ರೂ ಬಿಡ್ಬೇಕು, ಬಿಡೋಕೆ ದುಡ್ಡು ಬೇಕು, ಆ ದುಡ್ಡು ಸಿಗೋಕೆ ಕೆಲ್ಸ ಇರ್ಬೇಕು. ಅಲ್ಲಿ ಮನೇಲಿ ಉಳಿಯೋ ತುಂಬಾ ಜನ ಇಷ್ಟ ಪಟ್ಟು ಉಳಿದಿರಲ್ಲ, ಈ ಲೆಕ್ಕ ಹಾಕಿ ಉಳಿದಿರ್ತಾರೆ.

ಸ್ಕೂಲ್ ಶುರು ಎಂಟೂವರೆಗೆ. ಬಿಡೋದು ಮಧ್ಯಾಹ್ನ, ಬುಧವಾರ ಅಂತೂ ಹನ್ನೆರಡೂವರೆಗೆಲ್ಲಾ ಬಿಟ್ಬಿಡ್ತಾರೆ. ಮಧ್ಯೆ ಇರೋ ಟೈಮು ಕೇಳೋಕೆ ಜಾಸ್ತಿ, ಆದ್ರೆ ಅಂಗಡಿ, ಬಟ್ಟೆ, ಅಡುಗೆ, ಮತ್ತೆ ಕಿಟಕಿ ಆಚೆ ಮಳೆ ನಿಲ್ಲುತ್ತಾ ಅಂತ ನೋಡೋದು, ಅಷ್ಟರಲ್ಲಿ ಮುಗಿದಿರುತ್ತೆ. ಮಗಳನ್ನ ಬಿಟ್ಟು ಬಂದು ಅಮ್ಮಂಗೆ ಫೋನ್ ಮಾಡ್ತಿದ್ದೆ. ಬೇಸಿಗೇಲಿ ಮೂರೂವರೆ ಗಂಟೆ ವ್ಯತ್ಯಾಸ, ಹಂಗಾಗಿ ಇಲ್ಲಿ ಹನ್ನೆರಡು ದಾಟಿರ್ತಿತ್ತು, ಅಮ್ಮ ಒಗ್ಗರಣೆ ಹಾಕ್ತಾ ಸ್ಪೀಕರಲ್ಲಿ ಮಾತಾಡೋರು. ಅಕ್ಟೋಬರ್ ಕೊನೇ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಇಡ್ತಾರೆ, ವ್ಯತ್ಯಾಸ ನಾಲ್ಕೂವರೆ ಆಯ್ತು, ನನ್ನ ಫೋನು ಕರೆಕ್ಟಾಗಿ ಅಪ್ಪಂಗೆ ಊಟ ಬಡಿಸೋ ಹೊತ್ತಿಗೆ ಹೋಗೋಕೆ ಶುರುವಾಯ್ತು. "ಆಮೇಲೆ ಮಾಡ್ತೀನಿರೋ" ಅಂತ ಅಮ್ಮ ಇಡೋರು, ಆಮೇಲೆ ಅಂದ್ರೆ ಅವರ ನಿದ್ದೆ, ಆಮೇಲೆ ನನ್ನ ಸ್ಕೂಲ್ ಪಿಕಪ್ಪು. ಡಿಸೆಂಬರಲ್ಲಿ ಸೂರ್ಯ ಹುಟ್ಟೋದು ಎಂಟೂ ಮುಕ್ಕಾಲಿಗೆ, ಮುಳುಗೋದು ನಾಲ್ಕೂವರೆಗೆ, ಕತ್ತಲಲ್ಲೇ ಬಿಟ್ಟು ಬಂದು ಕತ್ತಲಾಗೋ ಹೊತ್ತಿಗೆ ಕರ್ಕೊಂಡು ಬಂದ್ರೆ ಮುಗೀತು ದಿನ. ಬೆಂಗಳೂರಲ್ಲಿ ಬೆಳೆದೋರಿಗೆ ಚಳಿ ಹೆದರಿಕೆ ಇರುತ್ತೆ, ಚಳಿಗೆ ಜಾಕೆಟ್ ಇದೆ ಕಣ್ರಿ, ಈ ಕತ್ತಲಿಗೆ ಯಾವ ಅಂಗಡೀಲೂ ಏನೂ ಸಿಗಲ್ಲ. ದಿನಾ ಬೆಳಕಿರೋವಾಗ ಒಂದು ಸಲ ಆಚೆ ಹೋಗ್ಲೇಬೇಕು ಅಂತ ರೂಲ್ ಹಾಕ್ಕೊಂಡಿದ್ದೆ, ಮಳೆ ಇದ್ರೂ.

ಸಾಯಂಕಾಲದ ಜಗಳದ ಬಗ್ಗೆ ಯಾರೂ ಬರಿಯಲ್ಲ, ನಾನು ಬರೀತೀನಿ, ಹೆಂಡ್ತಿ ಪರ್ಮಿಷನ್ ತಗೊಂಡೇ. ಅವಳು ದಿನವಿಡೀ ಮಾತಾಡಿ ಮಾತಾಡಿ, ಅದೂ ಹೊಸ ಜನ ಹೊಸ ಇಂಗ್ಲಿಷು, ಸುಸ್ತಾಗಿ ಬಂದು ಸುಮ್ನೆ ಕೂರ್ಬೇಕು ಅಂತಾಳೆ. ನಾನು ದಿನವಿಡೀ ದೊಡ್ಡೋರು ಯಾರ ಜೊತೆನೂ ಸರಿಯಾಗಿ ಮಾತಾಡ್ದೆ ಬಾಗಿಲು ತೆಗೆಯೋದೇ ತಡ ಶುರು ಹಚ್ಕೊತೀನಿ. ಅವಳಿಗೆ ಕಿರಿಕಿರಿ, ನಂಗೆ ಬೇಜಾರು. ಇಲ್ಲಾದ್ರೆ ಜಗಳ ಆದ್ಮೇಲೆ ಅವಳು ರಾಜಾಜಿನಗರ ತವರಿಗೆ ಹೋಗೋಳು, ನಾನು ಫ್ರೆಂಡ್ ಜೊತೆ ಕಾಫಿಗೆ ಹೋಗೋನು, ಅಲ್ಲಿ ಎಲ್ಲಿಗೆ ಹೋಗೋದು, ಇಬ್ರೂ ಅದೇ ಸೋಫಾ. ಕೊನೆಗೆ ಒಪ್ಪಂದ ಏನಾಯ್ತು ಅಂದ್ರೆ ಅವಳು ಬಂದ್ಮೇಲೆ ಅರ್ಧ ಗಂಟೆ ನಾನು ಏನೂ ಹೇಳಲ್ಲ, ಅದಾದ್ಮೇಲೆ ಅವಳು ಫೋನ್ ಮುಟ್ಟಲ್ಲ. ಇನ್ನೊಂದು, ಗುರುವಾರ ರಾತ್ರಿ ನನ್ನದು. ಅಡುಗೆ, ಸ್ನಾನ, ಕಥೆ ಎಲ್ಲಾ ಅವಳು, ನಾನು ಲೈಬ್ರರೀಲಿ ನಡೀತಿದ್ದ ಡಚ್ ಮಾತಾಡೋ ಕ್ಲಾಸಿಗೆ. ಡಚ್ ಬಂತಾ ಅಂತ ಕೇಳ್ಬೇಡಿ. ಅಲ್ಲಿ ನನ್ನನ್ನ ಪುಟ್ಟಿ ಅಪ್ಪ ಅಂತ ಯಾರೂ ಕರೀತಿರ್ಲಿಲ್ಲ, ಅಷ್ಟು ಸಾಕಿತ್ತು.

ಈಗ ಗೇಟಿನ ವಿಷ್ಯಕ್ಕೆ ಬರ್ತೀನಿ. ಮನೇಲಿರೋ ಪೇರೆಂಟ್‌ಗೆ ಸ್ಕೂಲ್ ಗೇಟೇ ಆಫೀಸು, ಅಲ್ಲಿ ಸೇರ್ಕೊಂಡ್ರೆ ಅರ್ಧ ಗೆದ್ದಂಗೆ. ಡಚ್ ಅಪ್ಪಂದಿರು ವಾರದಲ್ಲಿ ಒಂದು ದಿನ ಕೆಲ್ಸಕ್ಕೆ ಹೋಗ್ದೆ ಮಕ್ಕಳ ಜೊತೆ ಇರೋದು ಅಲ್ಲಿ ಮಾಮೂಲು, ಅದಕ್ಕೆ ಅಪ್ಪಂದಿರ ದಿನ ಅಂತ ಹೆಸರೇ ಇದೆ, ಹಂಗಾಗಿ ಗಂಡಸು ಗೇಟಲ್ಲಿ ನಿಂತ್ರೆ ಯಾರೂ ತಿರುಗಿ ನೋಡಲ್ಲ. ದಿನಾ ನಿಂತ್ರೆ ನೋಡ್ತಾರೆ. ನಮ್ಮ ಇಂಡಿಯನ್ ಅಮ್ಮಂದಿರ ಗುಂಪು ನನ್ನ ಕಂಡ್ರೆ ಮಾತು ನಿಲ್ಲಿಸಿ ನಗೋರು, ಅಷ್ಟೇ, ಅವರ ವಾಟ್ಸಾಪ್ ಗ್ರೂಪಿಗೆ ನಂಬರ್ ಹೋಗಿದ್ದು ಹೆಂಡ್ತಿದು. ಅದನ್ನೂ ತಪ್ಪು ಅನ್ನಲ್ಲ, ಮಲ್ಲೇಶ್ವರದ ಸ್ಕೂಲ್ ಮುಂದೆ ನಿಂತ್ರೂ ಅದೇ ಆಗೋದು.

ಒಳಗೆ ಸೇರಿಸಿದ್ದು ಹೇನು. ನಿಜವಾಗ್ಲೂ. ಅಲ್ಲಿ ಎಷ್ಟೋ ಪ್ರೈಮರಿ ಸ್ಕೂಲಲ್ಲಿ ರಜೆ ಮುಗಿದು ಮಕ್ಕಳು ವಾಪಸ್ ಬಂದಾಗ ಪೇರೆಂಟ್ಸೇ ಬಂದು ಎಲ್ಲಾ ಮಕ್ಕಳ ತಲೆ ಚೆಕ್ ಮಾಡ್ತಾರೆ, ವಾಲಂಟಿಯರ್ ಬೇಕು ಅಂತ ಟೀಚರ್ ಕೇಳಿದಾಗ ಕೈ ಎತ್ತೋರು ಕಮ್ಮಿ, ನಾನು ಎತ್ತಿದೆ. ಮಂಡಿ ಎತ್ತರದ ಕುರ್ಚೀಲಿ ಕೂತು, ಒಬ್ಬೊಬ್ಬರೇ ಮಗು ಬಂದು ಬೆನ್ನು ಹಾಕಿ ನಿಂತ್ಕೊಳ್ಳುತ್ತೆ, ಕಿವಿ ಹಿಂದೆ, ಕತ್ತಿನ ಮೇಲೆ ಕೂದಲು ಬಿಡಿಸಿ ನೋಡ್ಬೇಕು, ಸೀರು ಇರೋದು ಅಲ್ಲೇ. ಹೊಂಬಣ್ಣದ ಕೂದಲಲ್ಲಿ ಸೀರು ಕಾಣೋದೇ ಇಲ್ಲ, ಬೆಳಕಿಗೆ ತಿರುಗಿಸಿ ನೋಡ್ಬೇಕು. ನಮ್ಮಜ್ಜಿ ಜಗಲಿ ಮೇಲೆ ಕೂರಿಸ್ಕೊಂಡು ಅಕ್ಕಂದಿರ ತಲೆ ನೋಡ್ತಿದ್ದಿದ್ದನ್ನ ದಿನಾ ಕಂಡೋನು ನಾನು, ಪಕ್ಕದಲ್ಲಿದ್ದ ಡಚ್ ಅಮ್ಮಂಗಿಂತ ಬೇಗ ಹಿಡೀತಿದ್ದೆ. ತಲೆ ನೋಡ್ತಾ ಹೆಸರು ಕೇಳಿದ್ರೆ ಮಕ್ಕಳು ಹೆಸರಿಂದ ಶುರು ಮಾಡಿ ಮನೇಲಿರೋ ನಾಯಿವರೆಗೆ ಹೇಳ್ತಾರೆ. ಮಾರನೇ ದಿನ ಗೇಟಲ್ಲಿ ಆ ಮಕ್ಕಳೇ ನಂಗೆ ಕೈ ಬೀಸಿದ್ರು, ಅವರ ಅಪ್ಪ ಅಮ್ಮ ಯಾರಿದು ಅಂತ ನೋಡಿದ್ರು, ಮಾತು ಶುರುವಾಯ್ತು. ಮೊದಲು ಮನೆಗೆ ಕರೆದಿದ್ದು ಮಕ್ಕಳ ಪ್ಲೇಡೇಟ್‌ಗೆ, ಅಲ್ಲಿಂದ ಅಪ್ಪ ಅಮ್ಮಂದಿರ ಕಾಫಿಗೆ. ತಂಗಿಗೆ ಹೇಳಿದ್ದು ಇಷ್ಟೇ, ಯಾರೂ ಮಾಡೋಕೆ ಮುಂದೆ ಬರದೇ ಇರೋ ಸಣ್ಣ ಕೆಲ್ಸ ಯಾವ್ದಿದೆ ನೋಡು, ಅದನ್ನ ಹಿಡ್ಕೊ, ಫ್ರೆಂಡ್ಸ್ ಮಾಡ್ಕೊಳ್ಳೋಕೆ ಅಂತ ಹೋದ್ರೆ ಯಾರೂ ಸಿಗಲ್ಲ.

ಬುಧವಾರ ಮಧ್ಯಾಹ್ನ ಮಗಳನ್ನ ಸೈಕಲ್ ಹಿಂದೆ ಕೂರಿಸ್ಕೊಂಡು ಆಮ್‌ಸ್ಟರ್‌ಡ್ಯಾಮ್ಸೆ ಬೊಸ್ ಅನ್ನೋ ಕಾಡಿಗೆ ಹೋಗ್ತಿದ್ದೆ. ಸೈಕಲ್‌ಗೆ ಕೈ ಬ್ರೇಕಿಲ್ಲ, ಪೆಡಲ್ ಹಿಂದಕ್ಕೆ ತುಳಿದ್ರೆ ನಿಲ್ಲುತ್ತೆ, ಅಭ್ಯಾಸ ಆಗೋವರೆಗೆ ಜೀವ ಕೈಲಿ. ಆ ಕಾಡು ಸುಮಾರು 1,000 ಹೆಕ್ಟೇರು, ಎಲ್ಲಾ ಜನರು ಕೈಯಾರೆ ಮಾಡಿದ್ದು, 1934ರಲ್ಲಿ ಆರ್ಥಿಕ ಕುಸಿತದ ಟೈಮಲ್ಲಿ ಕೆಲ್ಸ ಇಲ್ದೋರಿಗೆ ಕೆಲ್ಸ ಕೊಡೋಕೆ ಅಂತ ಶುರು ಮಾಡಿ ಸಾವಿರಾರು ಜನ ಗುದ್ದಲಿ ಹಿಡಿದು ಅಗೆದು ನೆಟ್ಟಿದ್ದಂತೆ. ಕೆಲ್ಸ ಇಲ್ದೋರು ನೆಟ್ಟ ಕಾಡಲ್ಲಿ ಕೆಲ್ಸ ಇಲ್ದ ನಾನು ಓಡಾಡ್ತಿದೀನಿ ಅಂತ ಹೆಂಡ್ತಿಗೆ ಹೇಳಿ ಬೈಸ್ಕೊಂಡಿದೀನಿ. ಒಳಗೊಂದು ಮೇಕೆ ಫಾರ್ಮ್ ಇದೆ, ಮಗಳಿಗೆ ಅದೇ ಸ್ವರ್ಗ. ಇನ್ನೊಂದು ಕಡೆ ಚೆರ್ರಿ ತೋಪು, 400 ಮರ, 2000ನೇ ಇಸ್ವೀಲಿ ಅಲ್ಲಿಯ ಜಪಾನಿ ಮಹಿಳೆಯರ ಕ್ಲಬ್ಬು ಕೊಟ್ಟಿದ್ದು. ನಮಗಿಂತ ಮುಂಚೆ ಆ ಊರಿಗೆ ಕಂಪನಿ ಕೆಲ್ಸದ ಮೇಲೆ ಬಂದೋರು ಜಪಾನಿನೋರು. ಆ ಮರಗಳಿಗೆ ಅರ್ಧಕ್ಕೆ ಜಪಾನಿ ಹೆಂಗಸರ ಹೆಸರು, ಅರ್ಧಕ್ಕೆ ಡಚ್ ಹೆಂಗಸರ ಹೆಸರು ಇಟ್ಟಿದಾರೆ. ಏಪ್ರಿಲಲ್ಲಿ ಹೂ ಬಿಟ್ಟಾಗ ಊರಿಗೂರೇ ಅಲ್ಲಿರುತ್ತೆ, ಯುಗಾದಿ ಆಸುಪಾಸಲ್ಲಿ, ನಾವು ಕನ್ನಡದೋರು ಕೆಲವರು ಡಬ್ಬೀಲಿ ಒಬ್ಬಟ್ಟು, ಮಾವಿನಕಾಯಿ ಚಿತ್ರಾನ್ನ ಕಟ್ಕೊಂಡು ಅಲ್ಲೇ ಕೂತಿದ್ವಿ.

ಮಗಳ ವಿಷ್ಯ. ಮೊದಲ ಕೆಲವು ತಿಂಗಳು ಸ್ಕೂಲಲ್ಲಿ ಅವಳು ಬಾಯೇ ಬಿಡ್ಲಿಲ್ಲ. ಮನೇಲಿ ಪಟಪಟ ಅನ್ನೋಳು ಅಲ್ಲಿ ಮೂಕಿ. ನಾನು ಗಾಬರಿಯಾಗಿ ಟೀಚರ್ ಹತ್ರ ಹೋದ್ರೆ ಹೊಸ ಭಾಷೆಗೆ ಬಂದ ಮಕ್ಕಳಲ್ಲಿ ಇದು ಮಾಮೂಲು, ಕೇಳಿಸ್ಕೊಳ್ತಿದಾಳೆ, ಮನೇಲಿ ನಿಮ್ಮ ಭಾಷೇಲೇ ಮಾತಾಡಿ, ನಮಗೋಸ್ಕರ ಮುರುಕು ಡಚ್ ಮಾತಾಡ್ಬೇಡಿ ಅಂದ್ರು. ಇದನ್ನ ನಮ್ಮ ಬೆಂಗಳೂರಿನ ಸ್ಕೂಲುಗಳ ಗೋಡೆಗೆ ಅಂಟಿಸ್ಬೇಕು ನೋಡಿ, ಇಲ್ಲಿ ಕನ್ನಡದ ಮನೆಗೇ ಮನೇಲಿ ಇಂಗ್ಲಿಷ್ ಮಾತಾಡಿ ಅಂತ ಹೇಳಿ ಕಳಿಸ್ತಾರೆ. ಚಳಿಗಾಲ ಮುಗಿಯೋ ಹೊತ್ತಿಗೆ ಒಂದಿನ ಬಾತ್‌ರೂಮಲ್ಲಿ ಸೋಪಿನ ಡಬ್ಬಿಗೆ ಡಚ್ಚಲ್ಲಿ ಬೈತಿದ್ಲು, ಪೂರ್ತಿ ವಾಕ್ಯ, ಟೀಚರ್ ರಾಗದಲ್ಲೇ. ಅದಾದ್ಮೇಲೆ ನಿಲ್ಲಿಸೋಕೆ ಆಗ್ಲಿಲ್ಲ.

ಡಾಕ್ಟರ್ ಬಗ್ಗೆ ಜಾಸ್ತಿ ಹೇಳಲ್ಲ, ಆ ಗೋಳು ಎಲ್ರೂ ಹೇಳಿರ್ತಾರೆ. ನೇರ ಮಕ್ಕಳ ಡಾಕ್ಟರ್ ಹತ್ರ ಹೋಗೋ ಹಂಗಿಲ್ಲ, ಮೊದಲು ಫ್ಯಾಮಿಲಿ ಡಾಕ್ಟ್ರು, ಜ್ವರ ಅಂದ್ರೆ ಪ್ಯಾರಾಸಿಟಮಾಲ್ ಕೊಟ್ಟು ಕಾಯಿರಿ. ಅಲ್ಲಿಗೆ ಹೋದ ಮೊದಲ ವಾರಾನೇ ಒಬ್ಬ ಡಾಕ್ಟರ್ ಹತ್ರ ಹೆಸರು ನೋಂದಾಯಿಸ್ಕೊಳಿ, ಜ್ವರ ಬಂದ್ಮೇಲೆ ಹುಡುಕ್ಬೇಡಿ. ಇನ್ಶೂರೆನ್ಸು ಕಡ್ಡಾಯ, 18ರ ಒಳಗಿನ ಮಕ್ಕಳಿಗೆ ಪ್ರೀಮಿಯಂ ಇಲ್ಲ.

ಊರಿಗೆ ಬರೋ ವಿಷ್ಯದಲ್ಲಿ ನೆಂಟರಿಗೆ ಮೊದಲೇ ಹೇಳಿಬಿಡಿ. ಐದು ವರ್ಷ ಆದ್ಮೇಲೆ ಅಲ್ಲಿ ಸ್ಕೂಲು ಕಾನೂನು ಪ್ರಕಾರ ಕಡ್ಡಾಯ, ರಜೆ ಬಿಟ್ಟು ಬೇರೆ ಟೈಮಲ್ಲಿ ಪರ್ಮಿಷನ್ ಇಲ್ದೆ ಮಗುನ ಕರ್ಕೊಂಡು ಬಂದ್ರೆ ಅಪ್ಪ ಅಮ್ಮಂಗೆ ದಂಡ ಬೀಳುತ್ತೆ, ನೋಡೋಕೇ ಅಂತ ಒಬ್ಬ ಅಧಿಕಾರಿ ಇರ್ತಾರೆ. ಟಿಕೆಟ್ ಅಗ್ಗ ಇರೋದು ಮಾತ್ರ ಸ್ಕೂಲಿರೋ ದಿನಗಳಲ್ಲೇ. ನಮ್ಮ ಭಾವನ ಮನೆ ಗೃಹಪ್ರವೇಶಕ್ಕೆ ಬರಕ್ಕಾಗಲ್ಲ ಅಂದಿದ್ದಕ್ಕೆ "ಅದೇನು ಎಸ್‌ಎಸ್‌ಎಲ್‌ಸಿನಾ ಓದ್ತಿರೋದು ಮಗು?" ಅಂದ್ರು. ಇವತ್ತಿಗೂ ಆ ಮಾತು ಬಂದ್ರೆ ಮುಖ ಒಂಥರಾ ಮಾಡ್ತಾರೆ.

ವಾಪಸ್ ಬಂದ್ಮೇಲೆ ಇಲ್ಲಿ ಇಂಟರ್ವ್ಯೂಗಳಲ್ಲಿ ಗ್ಯಾಪ್ ಬಗ್ಗೆ ಕೇಳ್ತಾರೆ, ಗಂಡಸಾದ್ರೆ ಎರಡು ಸಲ ಕೇಳ್ತಾರೆ. ಮೊದಮೊದಲು ಆನ್‌ಲೈನ್ ಕೋರ್ಸು ಅದು ಇದು ಅಂತ ಹೇಳ್ತಿದ್ದೆ, ಆಮೇಲೆ ಮಗಳನ್ನ ನೋಡ್ಕೊತಿದ್ದೆ ಅಂತ ನೇರವಾಗೇ ಹೇಳಿದೆ. ಕೆಲ್ಸ ಸಿಕ್ಕಿದ್ದು ಹಂಗೆ ಹೇಳಿದ ಕಡೇನೇ. ಅದು ಅದಕ್ಕೇ ಸಿಕ್ತು ಅಂತ ನಾನು ಹೇಳ್ತಿಲ್ಲ, ಆ ತಿಂಗಳು ಅವರಿಗೂ ಜನ ಬೇಕಿತ್ತು.

ಇನ್ನು ಪೇಪರ್ ಕೆಲ್ಸ, ಇದನ್ನ ಇಲ್ಲೇ ಮುಗಿಸ್ಕೊಂಡು ಹೋಗ್ಬೇಕು. ಮದುವೆ ಸರ್ಟಿಫಿಕೇಟಿಗೆ, ಎಲ್ರ ಜನನ ಪ್ರಮಾಣಪತ್ರಕ್ಕೂ ಅಪೋಸ್ಟಿಲ್, ಅಂದ್ರೆ ಬೇರೆ ದೇಶದಲ್ಲೂ ನಡಿಯೋ ಸರ್ಕಾರಿ ಮೊಹರು ಬೇಕು, ಮೊದಲು ರಾಜ್ಯ ಸರ್ಕಾರದ ಅಟೆಸ್ಟೇಷನ್ನು, ಆಮೇಲೆ ವಿದೇಶಾಂಗ ಇಲಾಖೆದು. ಸರ್ಟಿಫಿಕೇಟು ಬರೀ ಕನ್ನಡದಲ್ಲಿದ್ರೆ ಅನುವಾದಾನೂ ಆಗ್ಬೇಕು. ಹೆಸರಿನ ಇನಿಷಿಯಲ್ಲು ಒಂದು ಕಡೆ ಬಿಡಿಸಿ ಬರ್ದು ಇನ್ನೊಂದು ಕಡೆ ಬರೀ ಅಕ್ಷರ ಇದ್ರೆ, ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ರೆ ಈಗ್ಲೇ ಸರಿ ಮಾಡಿಸಿ, ಊರ ಹೆಸರು ಅಪ್ಪನ ಹೆಸರು ಅಂತ ಅಲ್ಲಿ ಕೌಂಟರಲ್ಲಿ ಕೂತೋರಿಗೆ ವಿವರಿಸೋದು ಬೇಡ. ಮಗುವಿನ ಲಸಿಕೆ ಪುಸ್ತಕ ಹ್ಯಾಂಡ್ ಬ್ಯಾಗಲ್ಲಿ. ಮತ್ತೆ ಡಿಎಲ್, ಇದನ್ನ ಮನೇಲಿರೋರು ಮರೀತಾರೆ. ಅಲ್ಲಿ ರಿಜಿಸ್ಟರ್ ಆದ್ಮೇಲೆ ನಮ್ಮ ಲೈಸೆನ್ಸು 185 ದಿನ ಮಾತ್ರ ನಡಿಯುತ್ತೆ. ಆದ್ರೆ ಕೆಲ್ಸಕ್ಕೆ ಬಂದೋರಿಗೆ 30 ಪರ್ಸೆಂಟ್ ರೂಲಿಂಗ್ ಅಂತ ಒಂದು ಟ್ಯಾಕ್ಸ್ ರಿಯಾಯಿತಿ ಸಿಕ್ಕಿದ್ರೆ ಅವರ ಮನೆಯವರೂ ಟೆಸ್ಟ್ ಇಲ್ದೆ ಅಲ್ಲಿಯ ಲೈಸೆನ್ಸಿಗೆ ಬದಲಾಯಿಸ್ಕೊಬಹುದು. ಗಂಡನೋ ಹೆಂಡ್ತಿನೋ ಎಚ್‌ಆರ್‌ನ ಕೇಳಲಿ, ಮತ್ತೆ ಕಾರ್ಡ್ ಮೇಲೆ ಎಕ್ಸ್‌ಪೈರಿ ನೋಡ್ಕೊಳಿ, ಹತ್ರ ಇದ್ರೆ ಸಾರಿನಪುಡಿ ಪ್ಯಾಕ್ ಮಾಡೋಕೆ ಮುಂಚೆ ಆರ್‌ಟಿಒಗೆ ಹೋಗಿ ಬನ್ನಿ.